ನೆಟ್‌ವರ್ಕ್‌ನಲ್ಲಿ ಪಕ್ಕದ ಕಂಪ್ಯೂಟರ್ ಕಾಣಿಸುತ್ತಿಲ್ಲ, ಎಸ್‌ಎಂಬಿ1 ಆನ್ ಮಾಡಲೇ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಐದು ಕಂಪ್ಯೂಟರ್‌ಗಳಿವೆ. ಈಚೆಗೆ ವಿಂಡೋಸ್ 11 ಇರುವ ಹೊಸದೊಂದನ್ನು ಸೇರಿಸಿದೆವು. ಅದರಲ್ಲಿ ಇಂಟರ್ನೆಟ್ ಬರುತ್ತದೆ. ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ನೆಟ್‌ವರ್ಕ್’ ಒತ್ತಿದರೆ ಉಳಿದ ಕಂಪ್ಯೂಟರ್‌ಗಳು ಕಾಣುವುದಿಲ್ಲ, ಶೇರ್ ಮಾಡಿದ ಪ್ರಿಂಟರೂ ಸಿಗುವುದಿಲ್ಲ. ಎಸ್‌ಎಂಬಿ1 ಆನ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಲೇ?

ಉತ್ತರ: ಬೇಡ. ಎಸ್‌ಎಂಬಿ1 ಎಂದರೆ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ. ಪ್ರಶ್ನೆ ಹೊಸದಲ್ಲ, ಉತ್ತರವೂ ಹೊಸದಲ್ಲ. ಆದರೂ ಈ ಸಲಹೆ ಸಾಯುತ್ತಿಲ್ಲವಾದ್ದರಿಂದ ಒಮ್ಮೆ ಬುಡಸಮೇತ ಬಿಡಿಸಿ ಹೇಳಿಬಿಡುತ್ತೇನೆ.

ಮೊದಲು ಒಂದು ಪರೀಕ್ಷೆ. ಫೋಲ್ಡರ್ ಶೇರ್ ಮಾಡಿರುವ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆದೇಶ ಕೊಡಿ. ಐಪಿವಿ4 ಅಂತ ಇರುವ ಸಾಲಿನಲ್ಲಿ 192.168.1.20 ತರಹದ ಸಂಖ್ಯೆ ಸಿಗುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಜತೆಗೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ \\192.168.1.20 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹಿಂದಕ್ಕೆ ವಾಲಿದ ಗೆರೆ ಎರಡು ಬೇಕು, ಒಂದಲ್ಲ.

ಇಲ್ಲಿ ಮೂರರಲ್ಲಿ ಒಂದಾಗುತ್ತದೆ. ಫೋಲ್ಡರ್‌ಗಳು ನೇರವಾಗಿ ತೆರೆದುಕೊಂಡರೆ ನಿಮ್ಮ ಶೇರಿಂಗ್ ಚೆನ್ನಾಗಿದೆ, ಪಟ್ಟಿಯಲ್ಲಿ ಹೆಸರು ಬರುತ್ತಿಲ್ಲ ಅಷ್ಟೆ. ಯೂಸರ್ ನೇಮ್, ಪಾಸ್‌ವರ್ಡ್ ಕೇಳಿದರೆ ನೆಟ್‌ವರ್ಕ್ ಸರಿಯಿದೆ, ತಕರಾರು ಖಾತೆಯದ್ದು. 0x80070035 ಎಂಬ ಎರರ್ ಬಂದರೆ ಮಾತ್ರ ಆ ಕಂಪ್ಯೂಟರ್ ತನಕ ದಾರಿಯೇ ಇಲ್ಲ ಎಂದರ್ಥ. ಕಾಣಿಸುವುದು ಒಂದು ವ್ಯವಸ್ಥೆ, ತೆರೆಯುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಎಸ್‌ಎಂಬಿ1 ಪುರಾಣ ಹುಟ್ಟಿದ್ದು.

ಎಸ್‌ಎಂಬಿ ಎಂದರೆ ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಮತ್ತು ಪ್ರಿಂಟರ್ ಹಂಚಿಕೊಳ್ಳಲು ಬಳಸುವ ಪ್ರೋಟೊಕಾಲ್. ಅದರ ಮೂಲ 1980ರ ದಶಕದ್ದು, ಐಬಿಎಂನಲ್ಲಿ ಹುಟ್ಟಿದ್ದು. ಎಸ್‌ಎಂಬಿ1 ಎಂದರೆ ಅದರ ಮೊದಲ ಆವೃತ್ತಿ. ಎರಡನೆಯ ಆವೃತ್ತಿ ವಿಂಡೋಸ್ ವಿಸ್ಟಾ ಜತೆಗೇ ಬಂತು. ವಿಂಡೋಸ್ 7ರಲ್ಲಿ 2.1 ಇದೆ, ವಿಂಡೋಸ್ 8ರಲ್ಲಿ 3.0, ವಿಂಡೋಸ್ 10 ಮತ್ತು 11ರಲ್ಲಿ 3.1.1. ಎರಡು ಕಂಪ್ಯೂಟರ್‌ಗಳು ಎದುರಾದಾಗ ಇಬ್ಬರಿಗೂ ಗೊತ್ತಿರುವ ಅತಿ ಹೊಸ ಆವೃತ್ತಿಯನ್ನು ತಾವೇ ಆರಿಸಿಕೊಳ್ಳುತ್ತವೆ. ಅಂದಮೇಲೆ ನಿಮ್ಮಲ್ಲಿರುವ ಅತಿ ಹಳೆಯ ಯಂತ್ರ ವಿಂಡೋಸ್ 7 ಆದರೂ ಎಸ್‌ಎಂಬಿ1ಕ್ಕೆ ಅಲ್ಲಿ ಕೆಲಸವೇ ಇಲ್ಲ. ಅದು ಬೇಕಾಗುವುದು ವಿಂಡೋಸ್ ಎಕ್ಸ್‌ಪಿಗೆ ಮತ್ತು ಆ ಕಾಲದ ಕೆಲವು ಉಪಕರಣಗಳಿಗೆ.

ಹಾಗಿದ್ದರೆ ಆನ್ ಮಾಡಿದವರಿಗೆಲ್ಲ ಕಂಪ್ಯೂಟರ್‌ಗಳು ಕಾಣಿಸಿದ್ದು ಹೇಗೆ? ನ್ಯಾಯವಾದ ಪ್ರಶ್ನೆ. ಹಿಂದೆ ‘ನೆಟ್‌ವರ್ಕ್’ ಪಟ್ಟಿಯನ್ನು ತಯಾರಿಸುತ್ತಿದ್ದದ್ದು ಕಂಪ್ಯೂಟರ್ ಬ್ರೌಸರ್ ಎಂಬ ಸರ್ವಿಸ್. ಕಂಪ್ಯೂಟರ್‌ಗಳು ತಮ್ಮಲ್ಲೇ ಚುನಾವಣೆ ನಡೆಸಿ ಒಂದನ್ನು ಮಾಸ್ಟರ್ ಬ್ರೌಸರ್ ಮಾಡಿಕೊಳ್ಳುತ್ತಿದ್ದವು. ಉಳಿದವು 12 ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಕೂಗುತ್ತಿದ್ದವು. ಮೂರು ಕೂಗು ತಪ್ಪಿದ ಮೇಲೆ, ಅಂದರೆ 36 ನಿಮಿಷಕ್ಕೆ, ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಆಫ್ ಮಾಡಿದ ಕಂಪ್ಯೂಟರ್ ಅರ್ಧ ಗಂಟೆ ಕಾಣಿಸುತ್ತಲೇ ಇದ್ದದ್ದು, ಆನ್ ಇದ್ದದ್ದು ಮಾಯವಾಗುತ್ತಿದ್ದದ್ದು ಇದರಿಂದಲೇ. ಈ ಸರ್ವಿಸ್ ಎಸ್‌ಎಂಬಿ1ಕ್ಕೆ ಜೋತುಬಿದ್ದಿತ್ತು, ಹಾಗಾಗಿ ವಿಂಡೋಸ್ ಅದನ್ನು ಕೈಬಿಟ್ಟಾಗ ಇದೂ ಹೊರಟುಹೋಯಿತು. ಎಸ್‌ಎಂಬಿ1 ಮತ್ತೆ ಹಾಕಿದರೆ ಆ ಹಳೆಯ ಪಟ್ಟಿಯೂ ಕುಂಟುತ್ತಾ ಹಿಂದಿರುಗುತ್ತದೆ. ಜತೆಗೆ, ಎಸ್‌ಎಂಬಿ1 ಆನ್ ಮಾಡಿದ ಮೇಲೆ ರೀಸ್ಟಾರ್ಟ್ ಮಾಡಲೇಬೇಕು. ಎಷ್ಟೋ ಕಡೆ ಕೆಲಸ ಮಾಡಿದ್ದು ಆ ರೀಸ್ಟಾರ್ಟ್, ಹೆಸರು ಬಂದದ್ದು ಎಸ್‌ಎಂಬಿ1ಕ್ಕೆ.

ಈ ತಿಪ್ಪೇಸಾರಣೆಗೆ ಕೊಡುವ ಬೆಲೆ ಸಣ್ಣದಲ್ಲ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್), ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ನೆಗೆದದ್ದು ಎಸ್‌ಎಂಬಿ1ರಲ್ಲಿದ್ದ ತೂತಿನ ಮೂಲಕ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದಕ್ಕೆ ಸಿಕ್ಕಿಬಿದ್ದವು. ಮೈಕ್ರೋಸಾಫ್ಟ್ ಆ ತೂತಿಗೆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ‘ಈಗ ತೇಪೆ ಇದೆಯಲ್ಲ, ಇನ್ನೇನು ಭಯ’ ಎನ್ನುವವರಿದ್ದಾರೆ. ಆ ತೂತು ಮುಚ್ಚಿದೆ, ನಿಜ. ಆದರೆ ಕಳಿಸುವ ಫೈಲನ್ನು ಎನ್‌ಕ್ರಿಪ್ಟ್ ಮಾಡುವುದು, ಸಂಪರ್ಕದ ಆರಂಭದ ಮಾತುಕತೆಯನ್ನು ನಡುವೆ ಯಾರಾದರೂ ತಿದ್ದಿದ್ದಾರೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಬಂದದ್ದು ಮೂರನೆಯ ಆವೃತ್ತಿಯಲ್ಲಿ. ಎಸ್‌ಎಂಬಿ1ರಲ್ಲಿ ಇವು ಇಲ್ಲವೇ ಇಲ್ಲ, ಎಷ್ಟು ತೇಪೆ ಹಾಕಿದರೂ ಬರುವುದಿಲ್ಲ. ಮೈಕ್ರೋಸಾಫ್ಟ್‌ನಲ್ಲಿ ಎಸ್‌ಎಂಬಿಯ ಉಸ್ತುವಾರಿ ಹೊತ್ತಿದ್ದ ನೆಡ್ ಪೈಲ್ ‘ಬಳಸುವುದನ್ನು ನಿಲ್ಲಿಸಿ’ ಎಂದು ವಾನಾಕ್ರೈಗೆ ಮುಂಚೆ, 2016ರಲ್ಲೇ ಬರೆದಿದ್ದರು. ವಿಂಡೋಸ್ 10ರ 1709 ಆವೃತ್ತಿಯಿಂದ ಈಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಅದರ ಸರ್ವರ್ ಭಾಗ, ಅಂದರೆ ನಿಮ್ಮ ಫೋಲ್ಡರನ್ನು ಬೇರೆ ಯಂತ್ರಗಳಿಗೆ ತೆರೆದುಕೊಡುವ ಭಾಗ, ಬರುವುದೇ ಇಲ್ಲ.

ಸರಿ, ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಏನು ಮಾಡಬೇಕು? ಈಗ ಆ ಕೆಲಸ ಮಾಡುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ವ್ಯವಸ್ಥೆ. ವಿಂಡೋಸ್ ಹುಡುಕು ಪೆಟ್ಟಿಗೆಯಲ್ಲಿ ‘ಸರ್ವಿಸಸ್’ ಎಂದು ಬರೆದು ತೆರೆಯಿರಿ. ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್, ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಇವೆರಡನ್ನೂ ‘ಆಟೊಮ್ಯಾಟಿಕ್, ಡಿಲೇಡ್ ಸ್ಟಾರ್ಟ್’ಗೆ ಇಟ್ಟು ಸ್ಟಾರ್ಟ್ ಒತ್ತಿ. ಎರಡನೆಯದೇ ಕಂಪ್ಯೂಟರ್‌ನ ಹೆಸರನ್ನು ಹೊರಗೆ ಸಾರುವುದು. ಆದ್ದರಿಂದ ಇದನ್ನು ಮಾಡಬೇಕಾದದ್ದು ಕಾಣಿಸದೆ ಇರುವ ಕಂಪ್ಯೂಟರ್‌ನಲ್ಲಿ. ನೋಡುತ್ತಾ ಕುಳಿತಿರುವ ಕಂಪ್ಯೂಟರ್‌ನಲ್ಲಷ್ಟೇ ಮಾಡಿ ‘ಏನೂ ಆಗಲಿಲ್ಲ’ ಎಂದು ಬರೆಯುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಪಟ್ಟಿಯ ಗೊಡವೆಯೇ ಬೇಡವೆಂದರೆ ಶೇರ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಕೊಡಿ. ಪಟ್ಟಿ ಖಾಲಿಯಿದ್ದರೂ ಡ್ರೈವ್ ತೆರೆಯುತ್ತದೆ.

0x80070035 ಬಂದವರಿಗೆ ಮೊದಲ ಅನುಮಾನ ನೆಟ್‌ವರ್ಕ್ ಪ್ರೊಫೈಲ್ ಮೇಲೆ ಇರಲಿ. ಹೊಸ ವೈಫೈ ಅಥವಾ ಕೇಬಲ್ ಸಂಪರ್ಕವನ್ನು ವಿಂಡೋಸ್ 11 ‘ಪಬ್ಲಿಕ್’ ಎಂದುಕೊಳ್ಳುತ್ತದೆ, ಫೈರ್‌ವಾಲ್ ಆಗ ಬಾಗಿಲು ಹಾಕುತ್ತದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಆ ಸಂಪರ್ಕದ ಪ್ರಾಪರ್ಟೀಸ್ ತೆರೆದು ‘ಪ್ರೈವೇಟ್’ ಮಾಡಿ, ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡುವ ಅಗತ್ಯವಿಲ್ಲ. ಫೋಲ್ಡರ್ ತೆರೆಯಲು ಬೇಕಾದದ್ದು ಟಿಸಿಪಿ 445 ಒಂದೇ ಪೋರ್ಟ್, ಈ ಸೆಟ್ಟಿಂಗ್ ಅದನ್ನು ತೆರೆಯುತ್ತದೆ. ಬೇರೆ ಆಂಟಿವೈರಸ್ ತನ್ನದೇ ಫೈರ್‌ವಾಲ್ ತಂದಿದ್ದರೆ ಅಲ್ಲಿಯೂ ನೋಡಬೇಕು. ಒಂದು ಯಂತ್ರ ರೂಟರ್‌ನ ‘ಗೆಸ್ಟ್’ ವೈಫೈಗೆ ಸೇರಿಕೊಂಡಿದ್ದರೆ ಇಂಟರ್ನೆಟ್ ಸಿಗುತ್ತದೆ, ಅಕ್ಕಪಕ್ಕದವರು ಸಿಗುವುದಿಲ್ಲ. ಗೆಸ್ಟ್ ವೈಫೈ ಇರುವುದೇ ಅದಕ್ಕೆ.

ಇನ್ನು ಪಾಸ್‌ವರ್ಡ್. ಇಲ್ಲಿ ಎಡವುವವರೇ ಹೆಚ್ಚು. ಬೆಳಿಗ್ಗೆ ಲಾಗಿನ್ ಆಗಲು ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ, ನೆಟ್‌ವರ್ಕ್‌ನಲ್ಲಿ ಅದಕ್ಕೆ ಬೆಲೆಯಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಸುಲಭವಾದ ದಾರಿ: ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಶೇರಿಂಗ್‌ಗೆಂದೇ ಒಂದು ಲೋಕಲ್ ಖಾತೆ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಕೇಳಿದಾಗ ಕಂಪ್ಯೂಟರ್ ಹೆಸರು, ಹಿಂದಕ್ಕೆ ವಾಲಿದ ಒಂದು ಗೆರೆ, ಖಾತೆಯ ಹೆಸರು, ಹೀಗೆ ಬರೆಯಿರಿ. ಹಿಂದೆ ತಪ್ಪಾಗಿ ಉಳಿಸಿದ ಪಾಸ್‌ವರ್ಡ್ ಅಡ್ಡ ಬರುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಿಂದ ತೆಗೆದುಹಾಕಿ. ವಿಂಡೋಸ್ 11 ಪ್ರೊ 24ಎಚ್2ಗೆ ಬಂದ ಮೇಲೆ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ತೆರೆಯುತ್ತಿದ್ದ ಹಳೆಯ ಸ್ಟೋರೇಜ್ ಪೆಟ್ಟಿಗೆ ನಿಂತುಹೋದರೆ ಅದೂ ಇದೇ ಜಾತಿಯ ತೊಂದರೆ: ಆ ಪೆಟ್ಟಿಗೆಯಲ್ಲೊಂದು ಯೂಸರ್ ಖಾತೆ ಮಾಡಿ.

ಒಳಗೆ ಹೋದ ಮೇಲೂ ‘ಆಕ್ಸೆಸ್ ಡಿನೈಡ್’ ಬಂದರೆ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್ ಮಾತ್ರವಲ್ಲ, ಸೆಕ್ಯುರಿಟಿ ಟ್ಯಾಬನ್ನೂ ನೋಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದೇ ಫೈಲ್ ಮಾತ್ರ ತೆರೆಯದಿದ್ದರೆ, ಅದನ್ನು ಅದೇ ಡ್ರೈವ್‌ನ ಬೇರೆ ಫೋಲ್ಡರ್‌ನಿಂದ ಕಟ್ ಮಾಡಿ ತಂದಿರಬಹುದು. ಹಾಗೆ ತಂದ ಫೈಲ್ ಹಳೆಯ ಅನುಮತಿಗಳನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರ್‌ನ ಅನುಮತಿ ಸಿಗುತ್ತದೆ.

ಎಸ್‌ಎಂಬಿ1 ಬಿಟ್ಟರೆ ಬೇರೆ ಏನೂ ತಿಳಿಯದ ಉಪಕರಣ ನಿಜಕ್ಕೂ ಇದ್ದರೆ? ಉದಾಹರಣೆಗೆ, ಸ್ಕ್ಯಾನ್ ಮಾಡಿದ್ದನ್ನು ಕಂಪ್ಯೂಟರ್ ಫೋಲ್ಡರ್‌ಗೆ ಕಳಿಸುವ ಹಳೆಯ ಜೆರಾಕ್ಸ್ ಯಂತ್ರ. ಮೊದಲು ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ, ಎಷ್ಟೋ ಮಾಡೆಲ್‌ಗಳಿಗೆ ಎಸ್‌ಎಂಬಿ2 ಹಾಗೆಯೇ ಬಂದಿದೆ. ಇಲ್ಲದಿದ್ದರೆ ಈಮೇಲ್‌ಗೋ ಪೆನ್‌ಡ್ರೈವ್‌ಗೋ ಸ್ಕ್ಯಾನ್ ಮಾಡಿ. ಬೇರೆ ದಾರಿಯೇ ಇಲ್ಲವೆಂದಾದರೂ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ1ರ ಕೆಳಗಿರುವ ಮೂರೂ ಚೌಕಗಳಿಗೆ ಟಿಕ್ ಹಾಕಬೇಡಿ. ಉಪಕರಣ ನಿಮ್ಮ ಕಂಪ್ಯೂಟರ್‌ಗೆ ಫೈಲ್ ಕಳಿಸುವುದಾದರೆ ಬೇಕಾದದ್ದು ಸರ್ವರ್ ಭಾಗ, ನೀವು ಹಳೆಯ ಸ್ಟೋರೇಜ್ ಪೆಟ್ಟಿಗೆಯೊಳಗೆ ಹೋಗಬೇಕಾದರೆ ಕ್ಲೈಂಟ್ ಭಾಗ. ಅದೂ ಒಂದೇ ಕಂಪ್ಯೂಟರ್‌ನಲ್ಲಿ, ಲೆಕ್ಕಪತ್ರ ಇಲ್ಲದ ಕಂಪ್ಯೂಟರ್‌ನಲ್ಲಿ.

ಪ್ರಿಂಟರ್ ಮಾತು ಉಳಿಯಿತು. ಶೇರ್ ಮಾಡಿದ ಪ್ರಿಂಟರ್ ಸೇರಿಸುವಾಗ 0x0000011b ಬಂದರೆ, ಅದು 2021ರಲ್ಲಿ ವಿಂಡೋಸ್ ಪ್ರಿಂಟಿಂಗ್‌ಗೆ ಬಿಗಿ ಮಾಡಿದ ಭದ್ರತೆಯ ಫಲ. ಎರಡೂ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಹಾಕಿ ಮತ್ತೆ ಪ್ರಯತ್ನಿಸಿ. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯನ್ನು ಸೊನ್ನೆ ಮಾಡಿ ಎನ್ನುವ ಸಲಹೆಯೂ ಎಸ್‌ಎಂಬಿ1ರ ತಮ್ಮನೇ: ಎರರ್ ಹೋಗುತ್ತದೆ, ಭದ್ರತೆಯೂ ಹೋಗುತ್ತದೆ.

ನೀವು ಕೇಳಲಿಲ್ಲ, ಆದರೂ ಕೇಳಬೇಕಾಗಿತ್ತು: ಆ ಪ್ರಿಂಟರನ್ನು ಕಂಪ್ಯೂಟರ್ ಮೂಲಕ ಶೇರ್ ಮಾಡುವುದೇ ಏಕೆ? ಹಿಂಬದಿ ನೋಡಿ. ನೆಟ್‌ವರ್ಕ್ ಕೇಬಲ್ ತೂರಿಸುವ ತೂತು ಇದ್ದರೆ, ಅಥವಾ ಅದಕ್ಕೆ ವೈಫೈ ಇದ್ದರೆ, ಐದೂ ಕಂಪ್ಯೂಟರ್‌ಗಳು ನೇರವಾಗಿ ಅದಕ್ಕೇ ಪ್ರಿಂಟ್ ಕೊಡಬಹುದು. ನಡುವಿನ ಕಂಪ್ಯೂಟರ್ ನಿದ್ದೆಹೋದರೆ, ಆಫ್ ಆದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಮೊದಲು ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದು ಐಪಿ ವಿಳಾಸ ಕಾದಿರಿಸಿ, ಇಲ್ಲವಾದರೆ ಕರೆಂಟು ಹೋಗಿಬಂದಾಗ ವಿಳಾಸ ಬದಲಾಗಬಹುದು. ಪ್ರಿಂಟರ್ ಸೇರಿಸುವಾಗ ‘ಮ್ಯಾನ್ಯುಯಲ್’ ಆಯ್ದು ಟಿಸಿಪಿ/ಐಪಿ ವಿಳಾಸ ಎಂಬುದನ್ನು ಹಿಡಿಯಿರಿ, ಆ ಸಂಖ್ಯೆ ಕೊಡಿ. ವಿಂಡೋಸ್ ತಾನಾಗಿ ಹುಡುಕಿ ಸೇರಿಸಿದ್ದಕ್ಕೆ ಸಾಮಾನ್ಯವಾಗಿ ಡಬ್ಲ್ಯುಎಸ್‌ಡಿ ಪೋರ್ಟ್ ಬಿದ್ದಿರುತ್ತದೆ, ಆಗಾಗ ‘ಆಫ್‌ಲೈನ್’ ಎನ್ನುವುದು ಅದೇ. ಟಿಸಿಪಿ/ಐಪಿ ಪೋರ್ಟ್ ಹಾಕಿದ ಮೇಲೂ, ಪ್ರಿಂಟರ್ ಆನ್ ಇದ್ದು ಪಿಂಗ್‌ಗೆ ಉತ್ತರಿಸುತ್ತಿದ್ದರೂ ಆಫ್‌ಲೈನ್ ಎಂದೇ ತೋರಿಸಿದರೆ, ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಟ್ಯಾಬ್‌ನಲ್ಲಿ ‘ಕಾನ್ಫಿಗರ್ ಪೋರ್ಟ್’ ಒತ್ತಿ, ಪ್ರಿಂಟರ್‌ನ ಸ್ಥಿತಿ ವಿಚಾರಿಸುವ ‘ಎಸ್‌ಎನ್‌ಎಂಪಿ ಸ್ಟೇಟಸ್’ ಮುಂದಿನ ಟಿಕ್ ತೆಗೆಯಿರಿ.