ತೋಳಿರುವ ವೆಟ್‌ಸೂಟೋ, ತೋಳಿಲ್ಲದ್ದೋ?

ಪ್ರಶ್ನೆ: ಸರ್, ನಾನು ವಿಜಯಪುರದವನು. ಸಣ್ಣವನಿದ್ದಾಗಿಂದ ಸೈಕಲ್ ಹೊಡೆದವನು, ಈಗ ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಹುಚ್ಚು ಹಿಡಿದಿದೆ. ಈಜು ಕಲಿತದ್ದು ಮಾತ್ರ ತಡವಾಗಿ. ಮೊದಲು ಗೋವಾ ರೇಸ್, ಆಮೇಲೆ ಹೊರದೇಶದಲ್ಲಿ ಒಂದು ಅಂತ ಲೆಕ್ಕ ಹಾಕಿದ್ದೇನೆ. ಈಜುವಾಗ ಮೈಗಂಟಿ ಕೂರುವ ರಬ್ಬರ್ ಉಡುಪು, ಅದೇ ವೆಟ್‌ಸೂಟ್, ಫುಲ್ ತೋಳಿನದ್ದು ತಗೊಳ್ಳಲೋ, ತೋಳಿಲ್ಲದ್ದೋ? ತೋಳಿದ್ದರೆ ಭುಜ ಆಡೋದಿಲ್ಲ ಅಂತಾರೆ, ಹೌದಾ?

ಉತ್ತರ: ಮೊದಲು ನಿಮ್ಮ ದುಡ್ಡು ಉಳಿಸುವ ಮಾತು. ಗೋವಾಕ್ಕೆ ಎರಡೂ ಬೇಡ.

ಅಲ್ಲಿನ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ರೇಸ್‌ನಲ್ಲಿ ಈಜು 1.9 ಕಿ.ಮೀ., ಅದೂ ಪಣಜಿಯ ಮಿರಾಮಾರ್ ಕಡಲಲ್ಲಿ. ನೀರು ಬೆಚ್ಚಗೇ ಇರುತ್ತದೆ. ಐರನ್‌ಮ್ಯಾನ್ ನಿಯಮದಲ್ಲಿ ನೀರು 24.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ವೆಟ್‌ಸೂಟ್ ಹಾಕಿದವರಿಗೆ ಬಹುಮಾನ ಇಲ್ಲ. 28.8 ದಾಟಿದರೆ ಹಾಕುವಂತೆಯೇ ಇಲ್ಲ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್ ಇನ್ನೂ ಬಿಗಿ. 1500 ಮೀಟರ್‌ವರೆಗಿನ ಈಜಿಗೆ ನಮ್ಮಂಥ ಹವ್ಯಾಸಿಗಳಿಗೂ 22 ಡಿಗ್ರಿಗೇ ಗೆರೆ ಎಳೆದಿದ್ದಾರೆ.

ಇದು ಸುಮ್ನೆ ಮಾಡಿದ ಕಟ್ಟುಪಾಡಲ್ಲ. ಜೋರಾಗಿ ಈಜುವಾಗ ಮೈ ಕಾಯುತ್ತದೆ. ಆ ಕಾವು ನೀರಿಗೆ ಇಳಿದು ಹೋಗಬೇಕು, ರಬ್ಬರ್ ಅದನ್ನು ತಡೆದು ಹಿಡಿಯುತ್ತದೆ. ಬೆಚ್ಚಗಿನ ನೀರಲ್ಲಿ ವೆಟ್‌ಸೂಟ್ ಹಾಕಿ ತಲೆ ತಿರುಗಿ ಬಿದ್ದರೆ ದಡದಲ್ಲಿ ಬಿದ್ದಂತಲ್ಲ. ಹಾಗಾಗಿ ಹೊಸ ಸೂಟ್ ಬಂತು ಅಂತ ಏಪ್ರಿಲ್‌ನಲ್ಲಿ ಆಲಮಟ್ಟಿ ಹಿನ್ನೀರಿಗೆ ಇಳಿಯಬೇಡಿ. ಅಂದಹಾಗೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಅದಕ್ಕೆ ತೋಳಿರೋದೂ ಒಂದೇ, ಇಲ್ಲದ್ದೂ ಒಂದೇ.

ಈಗ ಹೊರದೇಶದ ರೇಸ್. ನಿಮ್ಮ ಪ್ರಶ್ನೆಗೆ ಅರ್ಥ ಬರುವುದೇ ಅಲ್ಲಿ.

ಟ್ರಯಥ್ಲಾನ್ ವೆಟ್‌ಸೂಟನ್ನು ನಿಯೋಪ್ರೀನ್ ಎಂಬ ರಬ್ಬರಿನಿಂದ ಮಾಡುತ್ತಾರೆ. ಅದರ ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳು. ಮೈ ಬೆಚ್ಚಗಿಡುವುದೂ ಅವೇ, ತೇಲಿಸುವುದೂ ಅವೇ. ದಪ್ಪ 5 ಮಿ.ಮೀ. ಮೀರುವಂತಿಲ್ಲ. ಎದೆ, ತೊಡೆಯ ಹತ್ತಿರ ಸಾಮಾನ್ಯವಾಗಿ 4–5 ಮಿ.ಮೀ. ಇರುತ್ತದೆ. ಭುಜ, ತೋಳಿನ ಹತ್ತಿರ ಬೇಕಂತಲೇ ತೆಳು, 1.5ರಿಂದ 2 ಮಿ.ಮೀ. ಅಷ್ಟೇ.

ಇಲ್ಲಿ ಒಂದು ವಿಷಯ ಗಮನಿಸಿ. ತೇಲಿಸುವ ಕೆಲಸ ಬಹುಪಾಲು ಮಾಡುವುದು ಎದೆ, ಸೊಂಟ, ತೊಡೆಯ ಭಾಗ. ಅದು ಎರಡೂ ಸೂಟಿನಲ್ಲಿದೆ. ನೀವು ಸೈಕಲ್ ಹೊಡೆದು ಗಟ್ಟಿಯಾದ ಕಾಲಿನವರು, ಈಜು ತಡವಾಗಿ ಕಲಿತವರು. ನೀರಲ್ಲಿ ನಿಮ್ಮ ಕಾಲು ಕೆಳಗೆ ಎಳೆಯುತ್ತಿರುತ್ತದೆ, ಅಲ್ವಾ? ವೆಟ್‌ಸೂಟ್ ಸೊಂಟವನ್ನೂ ಕಾಲನ್ನೂ ಮೇಲೆತ್ತಿದ ಕೂಡಲೇ ನೀರಿನ ತಡೆ ಕಡಿಮೆಯಾಗುತ್ತದೆ, ಅಷ್ಟೇ ಶ್ರಮಕ್ಕೆ ಮುಂದೆ ಜಾಸ್ತಿ ಹೋಗುತ್ತೀರಿ. ಚೆನ್ನಾಗಿ ಈಜುವವರಿಗಿಂತ ನಿಮ್ಮಂಥವರಿಗೇ ಇದರ ಲಾಭ ಹೆಚ್ಚು. ಆ ಲಾಭ ತೋಳಿಲ್ಲದ ಸೂಟಿನಲ್ಲೂ ಸಿಗುತ್ತದೆ.

ಹಾಗಾದರೆ ತೋಳಿನಿಂದ ಏನು ಸಿಗುತ್ತದೆ? ಒಂದು, ಬಿಸುಪು. ತಣ್ಣೀರಲ್ಲಿ ಮುಂಗೈ ಮರಗಟ್ಟಿದರೆ ನೀರು ಹಿಡಿದು ಹಿಂದಕ್ಕೆ ತಳ್ಳುವ ಹಿಡಿತವೇ ಹೋಗುತ್ತದೆ. ಇನ್ನೊಂದು, ಕಂಕುಳ ಹತ್ತಿರ ಬಾಯಿ ತೆರೆದಿರುವುದಿಲ್ಲ. ತೋಳಿಲ್ಲದ ಸೂಟ್ ಅಲ್ಲಿ ಸ್ವಲ್ಪ ಸಡಿಲವಾದರೂ ಸಾಕು, ನೀರು ನುಗ್ಗಿ ಬೆನ್ನ ಕೆಳಗೆ ತುಂಬಿಕೊಳ್ಳುತ್ತದೆ. ಅದನ್ನು ಹೊತ್ತುಕೊಂಡೇ ಈಜಬೇಕು. ಮೈಗೆ ಸರಿಯಾಗಿ ಕೂತರೆ ಫುಲ್ ತೋಳಿನದ್ದೇ ವೇಗ.

ಭುಜದ ಮಾತು ಸುಳ್ಳಲ್ಲ. 1.9 ಕಿ.ಮೀ. ಈಜಿನಲ್ಲಿ ಸಾವಿರಕ್ಕೂ ಜಾಸ್ತಿ ಸಲ ಕೈ ಹಾಕುತ್ತೀರಿ, ಪ್ರತಿ ಸಲವೂ ರಬ್ಬರ್ ಎಳೆಯಬೇಕು. ಹ್ಯಾಂಡಲ್ ಮೇಲೆ ಬಗ್ಗಿ ಬಗ್ಗಿ ಭುಜ ಬಿಗಿದುಕೊಂಡ ಸೈಕ್ಲಿಸ್ಟ್‌ಗೆ ಇದು ಇನ್ನೂ ಕಷ್ಟ. ಆದರೆ "ತೋಳಿನ ಸೂಟಿನಲ್ಲಿ ಕೈ ಏಳಲಿಲ್ಲ" ಅನ್ನುವವರಲ್ಲಿ ಬಹಳ ಮಂದಿಯ ತೊಂದರೆ ಸೂಟಿನದ್ದಲ್ಲ, ಹಾಕಿಕೊಂಡ ರೀತಿಯದ್ದು.

ಪ್ಯಾಂಟ್ ಏರಿಸಿದಂತೆ ಒಂದೇ ಸಲ ಎಳೆದರೆ ಆಗುವುದಿಲ್ಲ. ಪಾದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ, ಕಾಲು ಸರ್ರಂತ ಜಾರುತ್ತದೆ. ಉಗುರು ತಾಗಿಸದೆ ಬೆರಳ ತುದಿಯ ಮೆತ್ತೆಯಿಂದ ಹಿಡಿದು, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತನ್ನಿ. ತೊಡೆಸಂದಿಗೆ ಪೂರ್ತಿ ಕೂರಬೇಕು. ಅಲ್ಲಿ ನಾಲ್ಕು ಬೆರಳು ಸಂದಿ ಬಿಟ್ಟಿರೋ, ಆ ಕೊರತೆಯನ್ನೆಲ್ಲ ಭುಜ ಕಟ್ಟಿಕೊಡಬೇಕಾಗುತ್ತದೆ. ಆಮೇಲೆ ತೋಳು: ಮುಂಗೈಯಿಂದ ರಬ್ಬರ್ ಸರಿಸುತ್ತಾ ಕಂಕುಳವರೆಗೆ ತಂದು, ಭುಜದ ಮೇಲೆ ಒಂದು ಸಣ್ಣ ಮಡಿಕೆ ಉಳಿಯುವಷ್ಟು ಏರಿಸಿ. ಈಗ ಕೈ ಮೇಲೆತ್ತಿ. ಸೊಂಟದಿಂದ ಯಾರೋ ಜಗ್ಗಿದಂತೆ ಆದರೆ ಇನ್ನೂ ಮೇಲೆ ಬರಬೇಕು ಅಂತ ಅರ್ಥ. ಕತ್ತಿಗೆ ಮುಲಾಮು ಹಚ್ಚಿ, ಇಲ್ಲದಿದ್ದರೆ ಉಜ್ಜಿ ಗಾಯವಾಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ನಿಯೋಪ್ರೀನ್‌ಗೆ ಒಳ್ಳೆಯದಲ್ಲ.

ನನ್ನ ಲೆಕ್ಕ ಇಷ್ಟು. ನೀರು 18 ಡಿಗ್ರಿಗಿಂತ ಕೆಳಗಿದ್ದರೆ ಯೋಚನೆ ಬೇಡ, ಫುಲ್ ತೋಳು. 21–22ರ ಸುತ್ತ ಇದ್ದು, ವೆಟ್‌ಸೂಟಿಗೆ ಅನುಮತಿಯೂ ಇದ್ದರೆ ತೋಳಿಲ್ಲದ್ದು ಹಾಯೆನಿಸುತ್ತದೆ. ನಡುವೆ ನಿಮ್ಮ ಭುಜ ಕೇಳಿದ್ದು. ನ್ಯೂಜಿಲೆಂಡಿನ ಟಾಪೋ ಸರೋವರದಂಥ ತಣ್ಣೀರಿನ ರೇಸ್ ಮನಸ್ಸಿನಲ್ಲಿದ್ದರೆ ನಾನಂತೂ ತೋಳಿರುವುದನ್ನೇ ತಗೊಳ್ಳಿ ಅನ್ನುತ್ತೇನೆ. ನಲವತ್ತು ಡಿಗ್ರಿ ಬಿಸಿಲಲ್ಲಿ ಬೆಳೆದ ಮೈ ಅದು, ಚಳಿ ನಿಮಗೆ ಅಲ್ಲಿಯವರಿಗಿಂತ ಬೇಗ ಹತ್ತುತ್ತದೆ. ಯಾವ ರೇಸ್ ಅಂತ ತೀರ್ಮಾನವಾಗುವ ತನಕ ಎರಡನ್ನೂ ಕೊಳ್ಳಬೇಡಿ.

ಕೊಳ್ಳುವಾಗ ಎತ್ತರಕ್ಕಿಂತ ಮೊದಲು ತೂಕ, ಎದೆಯ ಸುತ್ತಳತೆ ನೋಡಿ. ಕಡಿಮೆಗೆ ಸಿಕ್ಕಿತು ಅಂತ ಡೈವಿಂಗ್ ಸೂಟ್ ತರಬೇಡಿ. ಅದರ ತೋಳು ಗಡುಸು, ಕೈ ಬೀಸಿ ಈಜಲಿಕ್ಕೆ ಅಂತ ಹೊಲಿದದ್ದೇ ಅಲ್ಲ.

ರೇಸಿಗೆ ಮುಂಚೆ ಡಿಸೆಂಬರಿನ ಒಂದು ಬೆಳಗ್ಗೆ ಈಜುಕೊಳದವರ ಒಪ್ಪಿಗೆ ಕೇಳಿ ಹತ್ತು ನಿಮಿಷ ಹಾಕಿ ನೋಡಿ. ಬಿಚ್ಚುವುದನ್ನೂ ಅಲ್ಲೇ ಕಲಿಯಿರಿ. ತೋಳಿನ ಸೂಟ್ ಮಣಿಕಟ್ಟಿನ ವಾಚಿಗೆ ಸಿಕ್ಕಿಕೊಳ್ಳುತ್ತದೆ, ಸೈಕಲ್ ಹತ್ತುವ ಅವಸರದಲ್ಲಿ ಅದು ದೊಡ್ಡ ರಗಳೆ. ಮನೆಗೆ ಬಂದ ಮೇಲೆ ಕ್ಲೋರಿನ್ ಹೋಗುವಂತೆ ಸಿಹಿನೀರಲ್ಲಿ ತೊಳೆದು, ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲೇ ಒಣಹಾಕಿ. ವಿಜಯಪುರದ ಮಾಳಿಗೆಯ ಬಿಸಿಲಿಗೆ ಹಾಕಿದರೆ ರಬ್ಬರ್ ಬಿರುಕು ಬಿಡುತ್ತದೆ.