ಹಕ್ಕುಂಟೆಂದು ಗೊತ್ತಾದದ್ದು ಎಲ್ಲಿಂದ?

ಸುಮಾರು 1671ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್‌ನ ಕೋಣೆಯಲ್ಲಿ ಐದಾರು ಮಂದಿ ಗೆಳೆಯರು ಸೇರಿ ಒಂದು ವಿಷಯವನ್ನು ಚರ್ಚಿಸುತ್ತಿದ್ದರು. ಮಾತು ಬಹುಬೇಗ ತೊಡಕಿಗೆ ಸಿಕ್ಕಿ, ಮುಂದಿನ ದಾರಿಯೇ ಕಾಣದಂತಾಯಿತು. ಇಂಥ ವಿಷಯಗಳಿಗೆ ಕೈಹಾಕುವ ಮೊದಲು ನಮ್ಮ ಬುದ್ಧಿ ಯಾವುದನ್ನು ತಿಳಿಯಬಲ್ಲದು, ಯಾವುದನ್ನು ತಿಳಿಯಲಾರದು ಎಂಬುದನ್ನೇ ಪರೀಕ್ಷಿಸಬೇಕೆಂದು ಲಾಕ್‌ಗೆ ಆಗ ಹೊಳೆಯಿತು. ಆ ಪರೀಕ್ಷೆ ಬೆಳೆದು, 1689ರ ಕೊನೆಯಲ್ಲಿ ಮಾನವನ ತಿಳಿವಳಿಕೆಯನ್ನು ಕುರಿತ ಅವನ ದೊಡ್ಡ ಗ್ರಂಥವಾಗಿ ಹೊರಬಂತು. ಅಂದಿನ ಚರ್ಚೆ ಯಾವುದರ ಬಗ್ಗೆ ಎಂದು ಲಾಕ್ ಅದರಲ್ಲಿ ಹೇಳಲಿಲ್ಲ. ಆದರೆ ಅಲ್ಲಿ ಕುಳಿತಿದ್ದ ಗೆಳೆಯ ಜೇಮ್ಸ್ ಟಿರೆಲ್ ತನ್ನ ಪ್ರತಿಯ ಅಂಚಿನಲ್ಲಿ ಬರೆದಿಟ್ಟಿದ್ದಾನೆ: ನೀತಿಯ ಮೂಲತತ್ತ್ವಗಳು ಮತ್ತು ದೈವಪ್ರಕಟಿತ ಧರ್ಮ. ಜ್ಞಾನದ ಮೂಲ ಯಾವುದು ಎಂಬ ಪ್ರಶ್ನೆ ಹುಟ್ಟಿದ್ದೇ ಸರಿ ತಪ್ಪುಗಳನ್ನು ನಾವು ತಿಳಿಯುವುದು ಹೇಗೆ ಎಂಬ ಪ್ರಶ್ನೆಯ ಒಡಲಿನಿಂದ. ಇವೆರಡನ್ನೂ ಬೇರೆ ಬೇರೆ ಪಾಠಗಳಾಗಿ ಓದುವ ರೂಢಿಯಿಂದ ಹಕ್ಕುಗಳ ಕಥೆ ಅರ್ಧಕ್ಕೇ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ.

ದೇವರು ಮನುಷ್ಯರ ಎದೆಯಲ್ಲಿ ಒಂದು ಕಾನೂನನ್ನು, ಅಂದರೆ ನಿಸರ್ಗನಿಯಮವನ್ನು, ಬರೆದಿದ್ದಾನೆ ಎಂಬ ನಂಬಿಕೆ ಯುರೋಪಿನಲ್ಲಿ ಬಹಳ ಹಳೆಯದು. ಕ್ರೈಸ್ತ ಪಂಗಡಗಳು ಒಂದರ ಮೇಲೊಂದು ಕತ್ತಿ ಎತ್ತಿದ್ದ ಮೂವತ್ತು ವರ್ಷಗಳ ಯುದ್ಧದ ನಡುವೆ, 1625ರಲ್ಲಿ, ಡಚ್ ನ್ಯಾಯವಾದಿ ಹ್ಯೂಗೊ ಗ್ರೋಷಿಯಸ್ ಯುದ್ಧ ಮತ್ತು ಶಾಂತಿಯ ನ್ಯಾಯವನ್ನು ಕುರಿತ ಗ್ರಂಥ ಪ್ರಕಟಿಸಿ, ದೇವರೇ ಇಲ್ಲವೆಂದು ಒಪ್ಪಿಕೊಂಡರೂ (ಹಾಗೆ ಒಪ್ಪುವುದು ಮಹಾಪಾಪವೆಂದೂ ಸೇರಿಸಿ) ಈ ನಿಸರ್ಗನಿಯಮಕ್ಕೆ ಬೆಲೆ ಉಳಿಯುತ್ತದೆ ಎಂದ. ಯಾರ ದೇವರು ನಿಜ ಎಂಬ ಜಗಳದ ಆಚೆಗೆ ಎಲ್ಲರೂ ನಿಲ್ಲಬಹುದಾದ ನೆಲ ಅವನಿಗೆ ಬೇಕಾಗಿತ್ತು. ಆದರೆ ಆ ನೆಲವನ್ನು ಗುರುತಿಸುವ ಪ್ರಮಾಣ ಯಾವುದು?

ಇಲ್ಲಿ ಲಾಕ್‌ನ ಇಕ್ಕಟ್ಟು ಶುರುವಾಗುತ್ತದೆ. ಮನಸ್ಸು ಹುಟ್ಟುವಾಗ ಏನೂ ಬರೆಯದ ಬಿಳಿ ಹಾಳೆ, ಅದರ ಮೇಲೆ ಮೂಡುವುದೆಲ್ಲವೂ ಅನುಭವದಿಂದಲೇ ಬಂದದ್ದು ಎಂದು ಅವನ ಗ್ರಂಥ ಸಾರಿತು. ನೀತಿಯೂ ಇದಕ್ಕೆ ಹೊರತಲ್ಲ. ಯಾವ ನೀತಿನಿಯಮವನ್ನು ಮುಂದಿಟ್ಟರೂ ಅದಕ್ಕೆ ಕಾರಣ ಕೊಡಿ ಎಂದು ಕೇಳುವುದು ನ್ಯಾಯವೇ ಎಂದು ಅವನು ಬರೆದ. ಅದೇ ತಿಂಗಳುಗಳಲ್ಲಿ, ಹೆಸರು ಹಾಕದೆ, ಸರ್ಕಾರವನ್ನು ಕುರಿತ ಎರಡು ಪ್ರಬಂಧಗಳನ್ನೂ ಅವನು ಪ್ರಕಟಿಸಿದ. ಎಲ್ಲರೂ ಸಮಾನರು, ಸ್ವತಂತ್ರರು ಆದ್ದರಿಂದ ಯಾರೂ ಇನ್ನೊಬ್ಬರ ಜೀವ, ಆರೋಗ್ಯ, ಸ್ವಾತಂತ್ರ್ಯ, ಆಸ್ತಿಗಳಿಗೆ ಹಾನಿ ಮಾಡಬಾರದೆಂದು ವಿವೇಕವೇ ಕಲಿಸುತ್ತದೆ ಎಂಬ ಪ್ರಸಿದ್ಧ ಮಾತು ಅದರಲ್ಲಿದೆ. ಆದರೆ ಬೈಬಲ್ಲಿನ ಕೇನ್ ತಮ್ಮನನ್ನು ಕೊಂದ ಮೇಲೆ ಕಂಡವರೆಲ್ಲ ತನ್ನನ್ನು ಕೊಲ್ಲುವರೆಂದು ಹೆದರಿದ ಪ್ರಸಂಗ ಬಂದಾಗ, ಕೊಲೆಗಡುಕನನ್ನು ದಂಡಿಸುವ ನಿಯಮ ಸಕಲ ಮಾನವರ ಹೃದಯದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿತ್ತು ಎನ್ನುತ್ತಾನೆ. ಬಿಳಿ ಹಾಳೆಯ ಮೇಲೆ ಈ ಬರಹ ಬಂದದ್ದು ಹೇಗೆ?

ಹುಟ್ಟಿನಿಂದ ಅಚ್ಚೊತ್ತಿದ ನಿಯಮ ಬೇರೆ, ಬುದ್ಧಿಯನ್ನು ಸರಿಯಾಗಿ ಬಳಸಿ ತಿಳಿಯಬಹುದಾದ ನಿಯಮ ಬೇರೆ ಎಂಬುದು ಲಾಕ್‌ನ ಉತ್ತರ. ಉತ್ತರ ಸಮರ್ಥವಾದದ್ದೇ, ಆದರೆ ತಿಳಿದು ತೋರಿಸುವ ಕೆಲಸ ಉಳಿದೇಹೋಯಿತು. ಆಕ್ಸ್‌ಫರ್ಡಿನ ಓದುಗರಿಗೆ ಸಮಾಧಾನವಾಗಿಲ್ಲವೆಂದು 1690ರಲ್ಲಿ ಟಿರೆಲ್ ಕಾಗದ ಬರೆದ. ನೀತಿಯನ್ನು ಗಣಿತದಂತೆ ಸಾಧಿಸಿ ತೋರಿಸಬಹುದು ಎಂದಿದ್ದೀರಲ್ಲ, ಬರೆಯಿರಿ ಎಂದು ಐರ್ಲೆಂಡಿನ ಗೆಳೆಯ ಮಾಲಿನೋ ಒತ್ತಾಯಿಸಿದಾಗ, ಬೈಬಲ್ಲಿನ ಸುವಾರ್ತೆಯಲ್ಲೇ ಪರಿಪೂರ್ಣ ನೀತಿ ಇದೆ ಎಂದು ಲಾಕ್ ಹಿಂದೆ ಸರಿದ. ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನು ಹಣ ತೊಡಗಿಸಿದ್ದನ್ನೂ ಇಲ್ಲಿ ಮರೆಯಲಾಗದು. ವಿವೇಕವನ್ನು ಕೇಳಿದವರಿಗೆಲ್ಲ ಅದು ಒಂದೇ ಉತ್ತರ ಕೊಡುತ್ತದೆಂಬ ಭರವಸೆಯನ್ನು ಅವನ ಬದುಕೇ ಅಲುಗಿಸುತ್ತದೆ.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲಿ ಇದೇ ಬಿರುಕಿಗೆ ಬೆರಳಿಟ್ಟ. ಲೇಖಕರು ‘ಹೀಗಿದೆ’ ಎನ್ನುತ್ತ ಹೋಗಿ, ಸುಳಿವಿಲ್ಲದೆ ‘ಹೀಗಿರಬೇಕು’ ಎಂಬಲ್ಲಿಗೆ ದಾಟುತ್ತಾರೆ, ಆ ದಾಟುವಿಕೆಗೆ ಕಾರಣ ಕೊಡಬೇಕು ಎಂದ.

ಅಮೆರಿಕದ ವಸಾಹತುಗಳಿಗೆ ಅಷ್ಟು ಕಾಯುವ ವ್ಯವಧಾನವಿರಲಿಲ್ಲ. 1776ರ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಥಾಮಸ್ ಜೆಫರ್ಸನ್ ಈ ಸತ್ಯಗಳು ‘ಪವಿತ್ರ ಮತ್ತು ಅಲ್ಲಗಳೆಯಲಾಗದವು’ ಎಂದು ಮೊದಲು ಬರೆದಿದ್ದ. ಅದನ್ನು ಹೊಡೆದು ‘ಸ್ವಯಂಸಿದ್ಧ’ ಎಂದು ತಿದ್ದಲಾಯಿತು. ಧರ್ಮದ ಮಾತು ಹೋಗಿ ತಿಳಿಯುವುದು ಹೇಗೆಂದು ವಿಚಾರಿಸುವ ಜ್ಞಾನಮೀಮಾಂಸೆಯ ಮಾತು ಬಂತು. ಆದರೆ ನೀತಿನಿಯಮಗಳು ಸ್ವಯಂಸಿದ್ಧವಲ್ಲ, ಕಾರಣ ಬೇಡುವಂಥವು ಎಂದವನು ಲಾಕ್. ಅವನಿಂದ ಹಕ್ಕುಗಳನ್ನು ಪಡೆದವರು ಅವನ ಈ ಎಚ್ಚರಿಕೆಯನ್ನು ಬಿಟ್ಟುಬಿಟ್ಟರು. ಬರೆದ ಜೆಫರ್ಸನ್ನನೇ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿಗೆ ಒಡೆಯನಾಗಿದ್ದ.

ಫ್ರಾನ್ಸಿನ 1789ರ ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆ ಬಂದ ಎರಡು ವರ್ಷಕ್ಕೆ ಅಲ್ಲಿನ ಲೇಖಕಿ ಒಲಾಂಪ್ ದ ಗೂಜ್ ಸ್ತ್ರೀಯರ ಹಕ್ಕುಗಳ ಘೋಷಣೆ ಬರೆದು, ನೇಣುಗಟ್ಟೆ ಏರುವ ಹಕ್ಕು ಹೆಣ್ಣಿಗಿದ್ದರೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕೆಂದಳು. 1793ರಲ್ಲಿ ಗಿಲೊಟಿನ್ನಿಗೆ ತಲೆ ಕೊಟ್ಟಳು. ಅವಳ ವಾಕ್ಯದಲ್ಲಿರುವುದು ಘೋಷಣೆಯಲ್ಲ, ತರ್ಕ. ಲಾಕ್ ಕೇಳಿದ ‘ಕಾರಣ’ವನ್ನು ಅವಳು ಕೊಟ್ಟಿದ್ದಳು. ಹುಟ್ಟಿನಿಂದಲೇ ಬರುವ ಸಹಜ ಹಕ್ಕು ಎಂಬುದೇ ಅರ್ಥಹೀನ, ಹಕ್ಕು ಹುಟ್ಟುವುದು ಕಾನೂನಿನಿಂದ ಮಾತ್ರ ಎಂದು ಇಂಗ್ಲೆಂಡಿನಲ್ಲಿ ಜೆರೆಮಿ ಬೆಂಥಮ್ ವಾದಿಸಿದ್ದು ಇದೇ ದಶಕದಲ್ಲಿ.

ಆ ವಾದ ನಮ್ಮ ದೇಶದಲ್ಲೂ ಕಟಕಟೆ ಹತ್ತಿತು. ತುರ್ತು ಪರಿಸ್ಥಿತಿಯಲ್ಲಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿ ಮುಚ್ಚಿದಾಗ, ಬಂಧಿತರಿಗೆ ಬೇರಾವ ಆಸರೆಯೂ ಇಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ: ಆ ವಿಧಿ ಇರದಿದ್ದರೂ ಕಾನೂನಿನ ಅಧಿಕಾರವಿಲ್ಲದೆ ಯಾರ ಜೀವವನ್ನೂ ಕಸಿಯುವ ಶಕ್ತಿ ರಾಜ್ಯಕ್ಕಿಲ್ಲ ಎಂದರು. 2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ, ಖಾಸಗಿತನದ ಹಕ್ಕಿನ ಪ್ರಶ್ನೆ ಎದ್ದಿದ್ದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಬಹುಮತದ ತೀರ್ಪನ್ನು ತಳ್ಳಿಹಾಕಿತು. ಸಹಜ ಹಕ್ಕುಗಳನ್ನು ರಾಜ್ಯ ದಯಪಾಲಿಸುವುದಿಲ್ಲ ಎಂದು, ಲಾಕ್‌ನನ್ನೂ ನೆನೆದು, ಅಲ್ಲಿ ಬರೆದವರು ಡಿ.ವೈ. ಚಂದ್ರಚೂಡ್, 1976ರ ನಾಲ್ವರಲ್ಲಿ ಅವರ ತಂದೆಯೂ ಒಬ್ಬರಾಗಿದ್ದರು.