ಸೆಖೆಯ ಊರಿನಲ್ಲಿ ಚಳಿಯ ಪಾಠ: ಶಸ್ತ್ರಚಿಕಿತ್ಸೆಯ ರೋಗಿಯ ಮೈ ಬೆಚ್ಚಗಿಡುವುದು

ಏಪ್ರಿಲಿನಲ್ಲಿ ಕಾಸರಗೋಡಿನ ವಾರ್ಡುಗಳಲ್ಲಿ ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುತ್ತದೆ. ಇಲ್ಲಿ ಕುಳಿತು ಹೈಪೋಥರ್ಮಿಯಾದ, ಅಂದರೆ ಮೈಬಿಸಿ ಅತಿಯಾಗಿ ಇಳಿಯುವುದರ, ಬಗ್ಗೆ ಓದುವಾಗ ಇದು ಹಿಮ ಬೀಳುವ ದೇಶದವರ ತಲೆನೋವು ಎನ್ನಿಸುವುದು ಸಹಜ. ಆದರೆ ಆಪರೇಷನ್ ಥಿಯೇಟರಿನ ಬಾಗಿಲು ದಾಟಿದ ಮೇಲೆ ಕಾಸರಗೋಡೂ ಒಂದೇ, ಲಂಡನ್ನೂ ಒಂದೇ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದಪ್ಪ ಇಂಗ್ಲಿಷ್ ಪುಸ್ತಕಗಳೊಡನೆ ಗುದ್ದಾಡುತ್ತಿರುವ ನರ್ಸಿಂಗ್ ಸಹಪಾಠಿಗಳಿಗಾಗಿ ಈ ಟಿಪ್ಪಣಿ.

ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ದೇಹದ ಒಳಭಾಗದ ಉಷ್ಣತೆ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಕಾರಣವೇನೆಂದು ಕೇಳಿದರೆ ಹೆಚ್ಚಿನವರು ಎ.ಸಿ. ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅರ್ಧ ಅಂಕ ಅಲ್ಲೇ ಹೋಯಿತು.

ಎಚ್ಚರವಿರುವ ದೇಹ ಒಂದು ಡಿಗ್ರಿಯ ಕೆಲವು ದಶಾಂಶ ಇಳಿದರೂ ಸುಮ್ಮನಿರುವುದಿಲ್ಲ. ಚರ್ಮದ ಮತ್ತು ಕೈಕಾಲುಗಳ ರಕ್ತನಾಳಗಳನ್ನು ಬಿಗಿಹಿಡಿದು ಬಿಸಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ಅರಿವಳಿಕೆ ಕೊಟ್ಟಾಗ ಈ ಹಿಡಿತ ಸಡಿಲವಾಗಿ ಒಳಮೈಯ ಬಿಸಿ ಕೈಕಾಲುಗಳಿಗೆ ಹರಡುತ್ತದೆ. 2–3 ಡಿಗ್ರಿ ಇಳಿಯುವವರೆಗೂ ದೇಹ ಎದುರಾಡುವುದಿಲ್ಲ. ಗುಡ್ಡ ಕೊರೆದ ಸುರಂಗದಿಂದ ಬರುವ ನೀರು ತುಂಬಿದ ಟ್ಯಾಂಕಿನ ಬಾಯಿ ತೆಗೆದಾಗ ಅಡಿಕೆ ತೋಟದಲ್ಲಿ ಆಗುವುದೂ ಇದೇ: ನೀರು ಕಣಿಗಳಿಗೆ ಹರಡುತ್ತದೆ, ಟ್ಯಾಂಕಿನ ಮಟ್ಟ ಇಳಿಯುತ್ತದೆ, ತೋಟದ ಬೇಲಿ ದಾಟಿ ಹನಿಯೂ ಹೋಗಿರುವುದಿಲ್ಲ. ಮೊದಲ ಒಂದು ಗಂಟೆಯಲ್ಲಿ ಒಳಮೈಯ ಉಷ್ಣತೆ 1ರಿಂದ 1.5 ಡಿಗ್ರಿ ಬೀಳುವುದು ಮುಖ್ಯವಾಗಿ ಹೀಗೆ. ಆಮೇಲಿನ ಎರಡು ಮೂರು ಗಂಟೆಗಳ ನಿಧಾನ ಇಳಿತಕ್ಕೆ ಎ.ಸಿ., ತೆರೆದ ಹೊಟ್ಟೆ, ಚರ್ಮಕ್ಕೆ ಬಳಿದು ಆರುತ್ತಿರುವ ಸ್ಪಿರಿಟ್ ಎಲ್ಲವೂ ಕಾರಣ. ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ.

ಇದು ಅರ್ಥವಾದರೆ ನರ್ಸಿನ ಕೆಲಸ ಎಲ್ಲಿ ಶುರುವಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಕಣಿಗಳು ಮೊದಲೇ ತುಂಬಿದ್ದರೆ ಟ್ಯಾಂಕು ಅಷ್ಟು ಇಳಿಯುವುದಿಲ್ಲ. ಅರಿವಳಿಕೆಗೆ ಮೊದಲು ಅರ್ಧ ಗಂಟೆ ಬಿಸಿಗಾಳಿಯ ಹೊದಿಕೆಯಿಂದ (ಯಂತ್ರವೊಂದು ಕೊಳವೆಯಲ್ಲಿ ಬಿಸಿಗಾಳಿ ತುಂಬುವ ಹೊದಿಕೆ) ಕೈಕಾಲು ಬೆಚ್ಚಗೆ ಮಾಡಿದರೆ ಮೊದಲ ಗಂಟೆಯ ಕುಸಿತವೇ ಕಡಿಮೆ. ನಾವು ಮಾಡುವುದು ಇದಕ್ಕೆ ತಿರುಗಾಮುರುಗಾ. ಬೆಳಿಗ್ಗೆಯೇ ಸೀರೆ ಬಿಚ್ಚಿಸಿ, ಬೆನ್ನು ತೆರೆದ ತೆಳು ಗೌನ್ ತೊಡಿಸಿ, ಎಪ್ಪತ್ತು ದಾಟಿದ ಅಜ್ಜಿಯನ್ನು ಟ್ರಾಲಿಯಲ್ಲಿ ಕಾರಿಡಾರಿಗೆ ತಂದು ನಿಲ್ಲಿಸುತ್ತೇವೆ. ಹಿಮ್ಮಡಿ ಮುಟ್ಟಿ ನೋಡಿ: ತಣ್ಣಗೆ, ಉಗುರಿನ ಬುಡ ಮಂಕು. ಪಕ್ಕದಲ್ಲಿ ಬೈಸ್ಟ್ಯಾಂಡರ್ ಆಗಿ ಜೊತೆಗಿರುವ ಮಗಳು ಅಮ್ಮನ ಹೊದಿಕೆಯನ್ನು ಮಡಚಿ ಎದೆಗಪ್ಪಿ ನಿಂತಿರುತ್ತಾಳೆ. ಆ ಹೊದಿಕೆಯನ್ನು ಕೇಳಿ ಪಡೆದು ಹೊದಿಸಲು ಯಾರ ಅಪ್ಪಣೆಯೂ ಬೇಡ. ಒಂದು ಪದರ ಬಟ್ಟೆ ಚರ್ಮದಿಂದ ಹೋಗುವ ಬಿಸಿಯನ್ನು ಸುಮಾರು ಶೇ. 30ರಷ್ಟು ತಡೆಯುತ್ತದೆ. ಎರಡನೆಯದರಿಂದ, ಮೂರನೆಯದರಿಂದ ಅಷ್ಟು ಲಾಭವಿಲ್ಲ. ಕಂಬಳಿಗಳ ರಾಶಿ ಬಿಸಿಗಾಳಿಯ ಯಂತ್ರಕ್ಕೆ ಸಮವಲ್ಲ.

ಚಳಿಯಾದರೆ ಆಗಲಿ, ಆಮೇಲೆ ಸರಿಹೋಗುತ್ತದೆ ಎನ್ನುವವರಿಗೆ 1996ರ ಒಂದು ಅಧ್ಯಯನ ಸಾಕು. ದೊಡ್ಡಕರುಳಿನ ಶಸ್ತ್ರಚಿಕಿತ್ಸೆಯಾದ 200 ರೋಗಿಗಳಲ್ಲಿ ಮೈ ಬೆಚ್ಚಗಿಟ್ಟವರ ಪೈಕಿ ಶೇ. 6 ಮಂದಿಗೆ ಗಾಯದ ಸೋಂಕಾಯಿತು. ತಣ್ಣಗಾಗಲು ಬಿಟ್ಟವರಲ್ಲಿ ಶೇ. 19. ರಕ್ತನಾಳ ಬಿಗಿದರೆ ಗಾಯಕ್ಕೆ ಆಮ್ಲಜನಕ ಕಡಿಮೆ, ಬಿಳಿರಕ್ತಕಣಗಳ ಕೆಲಸವೂ ಮಂದ. ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಔಷಧಗಳ ಅಮಲು ಬೇಗ ಇಳಿಯುವುದಿಲ್ಲ. ನಡುಕ ಬಂದರೆ ಆಮ್ಲಜನಕದ ಬೇಡಿಕೆ ಏರುತ್ತದೆ. ಹೃದ್ರೋಗಿಗೆ ಇದು ಸಣ್ಣ ಮಾತಲ್ಲ.

ಡ್ರಿಪ್ ಕೂಡ ಲೆಕ್ಕಕ್ಕೆ ಬರುತ್ತದೆ. ಕೋಣೆಯ ಉಷ್ಣತೆಯಲ್ಲಿರುವ ಒಂದು ಲೀಟರ್ ದ್ರವ ದೊಡ್ಡವರ ಮೈಬಿಸಿಯನ್ನು ಸುಮಾರು ಕಾಲು ಡಿಗ್ರಿ ಇಳಿಸುತ್ತದೆ. ಫ್ರಿಜ್ಜಿನಿಂದ ತೆಗೆದ ಒಂದೇ ಯೂನಿಟ್ ರಕ್ತ ಅಷ್ಟೇ ಇಳಿಸುತ್ತದೆ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2008ರ ಮಾರ್ಗಸೂಚಿ 500 ಮಿ.ಲೀ. ಅಥವಾ ಹೆಚ್ಚಿನ ದ್ರವವನ್ನು 37 ಡಿಗ್ರಿಗೆ ಬಿಸಿಮಾಡಿ ಕೊಡಲು ಹೇಳುತ್ತದೆ. ಬಾಟಲಿಯನ್ನು ಬಿಸಿನೀರಿನ ಬಕೆಟಿನಲ್ಲಿ ಮುಳುಗಿಸುವುದು ಬಿಸಿಮಾಡುವ ಕ್ರಮವಲ್ಲ, ಎಷ್ಟು ಬಿಸಿಯಾಯಿತೆಂದು ಯಾರಿಗೂ ತಿಳಿಯದು.

ಬೆನ್ನಿಗೆ ಚುಚ್ಚುವ ಅರಿವಳಿಕೆ ಪಡೆದವರ ಮೇಲೆ ಹೆಚ್ಚಿನ ಕಣ್ಣಿರಲಿ. ಅವರ ಕಾಲು ಮುಟ್ಟಿದರೆ ಬೆಚ್ಚಗಿರುತ್ತದೆ, ಚಳಿ ಇಲ್ಲವೆಂದು ಅವರೇ ಹೇಳಬಹುದು, ಒಳಮೈ ಮಾತ್ರ ತಣ್ಣಗಾಗಿರುತ್ತದೆ. ಆದ್ದರಿಂದ ಥರ್ಮಾಮೀಟರನ್ನೇ ನಂಬಿ. ಹಣೆಗೆ ಹಿಡಿಯುವ ಗನ್ ಇಲ್ಲಿ ಸಾಲದು. ಕಾಲಿಗೆ ಸ್ಪರ್ಶ ಇಲ್ಲದಿರುವಾಗ ಬಿಸಿನೀರಿನ ಬಾಟಲಿ ಇಟ್ಟರೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಬಿಸಿಗಾಳಿಯ ಕೊಳವೆಯನ್ನು ಅದರ ಹೊದಿಕೆಗೆ ಜೋಡಿಸದೆ ನೇರ ಬೆಡ್‌ಶೀಟಿನೊಳಗೆ ತೂರಿಸಿದರೂ ಅದೇ ಅಪಾಯ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರಿಕವರಿ ಕೋಣೆಯಲ್ಲಿ 15 ನಿಮಿಷಕ್ಕೊಮ್ಮೆ ಉಷ್ಣತೆ ನೋಡಬೇಕು, 36 ತಲುಪದವರನ್ನು ವಾರ್ಡಿಗೆ ಕಳಿಸಬಾರದು. ವಾರ್ಡಿಗೆ ಬಂದ ಕೂಡಲೇ ಮತ್ತೊಮ್ಮೆ ಅಳೆದು, ಆಮೇಲೆ ನಾಲ್ಕು ಗಂಟೆಗೊಮ್ಮೆ ಬರೆದಿಡಿ. ಅಷ್ಟರಲ್ಲಿ ಮನೆಯವರು ಸೆಖೆಯೆಂದು ಫ್ಯಾನನ್ನು ಐದಕ್ಕೆ ತಿರುಗಿಸಿರುತ್ತಾರೆ. ತುಳುವಿನಲ್ಲೋ ಮಲಯಾಳದಲ್ಲೋ, ಅವರಿಗೆ ತಿಳಿಯುವ ಭಾಷೆಯಲ್ಲಿ ಕಾರಣ ಹೇಳಿ ಫ್ಯಾನ್ ಆರಿಸಿ.